ಬಳ್ಳಾರಿಯಿಂದ ಸ್ಯಾನ್ ಫ್ರಾನ್ಸಿಸ್ಕೋ ಎಷ್ಟು ದೂರ? ಸೈಟಿಗೊಂದು ಲೆಕ್ಕ ಯಾಕೆ?

ಪ್ರಶ್ನೆ: ಮಗಳು ಆಗಸ್ಟ್‌ನಲ್ಲಿ ಎಂ.ಎಸ್. ಓದಲು ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟಿದ್ದಾಳೆ. ಬೆಂಗಳೂರಿನಿಂದ ಅಲ್ಲಿಗೆ ವಿಮಾನದ ದೂರ ಎಷ್ಟು ಅಂತ ಹುಡುಕಿದರೆ ಒಂದು ಸೈಟ್ 13,990 ಅನ್ನುತ್ತದೆ, ಇನ್ನೊಂದು 8,690, ಮತ್ತೊಂದು 7,550. ನನ್ನ ತಮ್ಮ ಗಣಿತದ ಮೇಷ್ಟ್ರು. ಅವನು ಗೋಡೆಯ ನಕ್ಷೆ ಮೇಲೆ ನೇರ ಗೆರೆ ಎಳೆದು ಲೆಕ್ಕ ಹಾಕಿದರೆ 16,000 ಕಿ.ಮೀ. ದಾಟಿತು. ಟಿಕೆಟ್ ದುಬೈ ಮೇಲೆ ಇದೆ. ಆ ವಿಮಾನ ಉತ್ತರ ಧ್ರುವದ ಹತ್ತಿರ ಹೋಗುತ್ತದಂತೆ. ಅಮೆರಿಕ ಇರುವುದು ಪಶ್ಚಿಮಕ್ಕೆ ಅಲ್ವಾ? ಸುತ್ತು ಹಾಕಿಸಿ ದುಡ್ಡು ಜಾಸ್ತಿ ಕೀಳುತ್ತಾರಾ? ನಮ್ಮ ತೋರಣಗಲ್ಲಿನ ಏರ್‌ಪೋರ್ಟ್‌ನಿಂದ ಲೆಕ್ಕ ಹಾಕಿದರೆ ಎಷ್ಟಾಗುತ್ತದೆ?
— ಸಿರುಗುಪ್ಪದ ಓದುಗರೊಬ್ಬರು

ಉತ್ತರ: ಮೊದಲು ನಿಮ್ಮ ಅನುಮಾನ ಪರಿಹರಿಸಿಬಿಡುತ್ತೇನೆ. ಯಾರೂ ಸುತ್ತು ಹಾಕಿಸುತ್ತಿಲ್ಲ. ದುಬೈಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಅತಿ ಹತ್ತಿರದ ದಾರಿಯೇ ಉತ್ತರ ಧ್ರುವದ ಪಕ್ಕದಲ್ಲಿ ಹಾದು ಹೋಗುತ್ತದೆ. ನಿಮ್ಮ ತಮ್ಮನ ಗಣಿತದಲ್ಲೂ ತಪ್ಪಿಲ್ಲ. ಅವರ ಕೈಗೆ ಸಿಕ್ಕ ನಕ್ಷೆ ಆ ಲೆಕ್ಕಕ್ಕೆ ಆಗಿಬರುವಂಥದ್ದಲ್ಲ, ಅಷ್ಟೇ.

ನೀವು ನೋಡಿದ ಮೂರು ಸಂಖ್ಯೆಗಳಲ್ಲಂತೂ ಜಗಳವೇ ಇಲ್ಲ. 13,990 ಅನ್ನುವುದು ಕಿಲೋಮೀಟರ್. 8,690 ಅನ್ನುವುದು ನಮ್ಮ ಅಜ್ಜಂದಿರು ಹೇಳುತ್ತಿದ್ದ ಮಾಮೂಲಿ ಮೈಲಿ, 1.609 ಕಿ.ಮೀ.ಗೆ ಒಂದು. 7,550 ಅನ್ನುವುದು ನಾಟಿಕಲ್ ಮೈಲಿ, 1.852 ಕಿ.ಮೀ.ಗೆ ಒಂದು. ಹಡಗಿನವರು ಮತ್ತು ವಿಮಾನದವರು ಬಳಸುವುದು ಈ ಕೊನೆಯದನ್ನು. ಸೈಟಿನಲ್ಲಿ ಸಂಖ್ಯೆಯ ಮುಂದೆ ಏನು ಬರೆದಿದೆ ಅಂತ ಒಮ್ಮೆ ಕಣ್ಣಾಡಿಸಿ. ಎಷ್ಟೋ ಗಲಿಬಿಲಿ ಅಲ್ಲೇ ಮುಗಿಯುತ್ತದೆ.

ನಾಟಿಕಲ್ ಮೈಲಿ ಸುಮ್ನೆ ಹುಟ್ಟಿದ ಅಳತೆಯಲ್ಲ. ಭೂಮಿಯ ಮೇಲೆ ಉತ್ತರಕ್ಕೋ ದಕ್ಷಿಣಕ್ಕೋ ಒಂದು ಡಿಗ್ರಿ ಸರಿದರೆ ಸುಮಾರು 111 ಕಿ.ಮೀ. ಆ ಡಿಗ್ರಿಯನ್ನು 60 ಪಾಲು ಮಾಡಿದರೆ ಒಂದು ಪಾಲು ಒಂದು ನಾಟಿಕಲ್ ಮೈಲಿ. ಹಾಗಾಗಿ ಎರಡು ಊರುಗಳ ಅಕ್ಷಾಂಶ ಗೊತ್ತಿದ್ದರೆ ಉತ್ತರ-ದಕ್ಷಿಣದ ದೂರ ತಾನಾಗಿ ಸಿಗುತ್ತದೆ.

ಇದನ್ನು ನಮ್ಮ ಊರಿನ ಮೇಲೇ ಹಾಕಿ ನೋಡಿ. ಬಳ್ಳಾರಿ ಇರುವುದು ಉತ್ತರ ಅಕ್ಷಾಂಶ 15.14 ಡಿಗ್ರಿ, ಪೂರ್ವ ರೇಖಾಂಶ 76.92 ಡಿಗ್ರಿಯಲ್ಲಿ. ದೇವನಹಳ್ಳಿ ಏರ್‌ಪೋರ್ಟ್ 13.20 ಮತ್ತು 77.71ರಲ್ಲಿ. ಉತ್ತರ-ದಕ್ಷಿಣ ವ್ಯತ್ಯಾಸ 1.94 ಡಿಗ್ರಿ, ಅಂದರೆ ಸುಮಾರು 215 ಕಿ.ಮೀ. ಪೂರ್ವ-ಪಶ್ಚಿಮ ವ್ಯತ್ಯಾಸ 0.79 ಡಿಗ್ರಿ. ನಮ್ಮ ಕಡೆ ರೇಖಾಂಶದ ಒಂದು ಡಿಗ್ರಿ ಸುಮಾರು 108 ಕಿ.ಮೀ. ಇರುವುದರಿಂದ ಅದು 85 ಕಿ.ಮೀ. ಆಯಿತು. ಎರಡರ ವರ್ಗ ಕೂಡಿಸಿ ವರ್ಗಮೂಲ ತೆಗೆಯಿರಿ. ಸುಮಾರು 231 ಕಿ.ಮೀ. ಬರುತ್ತದೆ. ನಿಮ್ಮ ತಮ್ಮ ಇದನ್ನು ಹತ್ತನೇ ಕ್ಲಾಸಿನ ಮಕ್ಕಳಿಗೆ ಬೋರ್ಡ್ ಮೇಲೆ ಮಾಡಿ ತೋರಿಸಬಹುದು. ಅದೇ ಊರಿಗೆ ಕಾರಿನಲ್ಲಿ ಹೋದರೆ 300 ಕಿ.ಮೀ. ಆಸುಪಾಸು ಆಗುತ್ತದೆ. ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಅದು ಬೆಂಗಳೂರಿಗೆ ದಕ್ಷಿಣಕ್ಕೆ ಹೋಗುವ ಬದಲು ಮೊದಲು ಗುಂತಕಲ್ಲಿಗೆ ಪೂರ್ವಕ್ಕೆ ಓಡುತ್ತದೆ. ಅದನ್ನು ಯಾರೂ ಮೋಸ ಅನ್ನುವುದಿಲ್ಲ, ಹಳಿ ಇರುವುದೇ ಹಾಗೆ. ಆಕಾಶದಲ್ಲೂ ಇಂಥ ಹಳಿಗಳು ಇವೆ, ಅದನ್ನು ಆಮೇಲೆ ಹೇಳುತ್ತೇನೆ.

ಈ ವರ್ಗಮೂಲದ ಲೆಕ್ಕ ಬೆಂಗಳೂರಿಗೆ, ಹೈದರಾಬಾದಿಗೆ ಸಾಕು. ಅಮೆರಿಕಕ್ಕೆ ಸಾಲದು. ಕಾರಣ, ರೇಖಾಂಶದ ಗೆರೆಗಳು ಮೇಲೆ ಹೋಗ್ತಾ ಹೋಗ್ತಾ ಒಂದಕ್ಕೊಂದು ಹತ್ತಿರ ಬರುತ್ತವೆ. ಬಳ್ಳಾರಿಯಲ್ಲಿ 107.5 ಕಿ.ಮೀ. ಇರುವ ಒಂದು ಡಿಗ್ರಿ, 60ನೇ ಅಕ್ಷಾಂಶಕ್ಕೆ ಹೋದರೆ 56 ಕಿ.ಮೀ.ಗೆ ಇಳಿಯುತ್ತದೆ. ಧ್ರುವದಲ್ಲಿ ಸೊನ್ನೆ. ಗೋಡೆಯ ನಕ್ಷೆಯಲ್ಲಿ ಮಾತ್ರ ಆ ಗೆರೆಗಳು ಮೇಲಿಂದ ಕೆಳಗೆ ಒಂದೇ ಅಂತರದಲ್ಲಿ ನಿಂತಿರುತ್ತವೆ. ಅಂದರೆ ಉತ್ತರದ ನಾಡುಗಳನ್ನೆಲ್ಲ ಅಡ್ಡಡ್ಡ ಎಳೆದು ಹಿಗ್ಗಿಸಿದ್ದಾರೆ ಅಂತ ಅರ್ಥ. 1569ರಲ್ಲಿ ಮರ್ಕೇಟರ್ ಎಂಬಾತ ಹಡಗಿನವರಿಗಾಗಿ ಮಾಡಿದ ನಕ್ಷೆಯ ಗುಣ ಇದು. ಅದರಲ್ಲಿ ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟೇ ದೊಡ್ಡದಾಗಿ ಕಾಣುತ್ತದೆ. ನಿಜದಲ್ಲಿ ಆಫ್ರಿಕಾ ಸುಮಾರು ಹದಿನಾಲ್ಕು ಪಟ್ಟು ದೊಡ್ಡದು.

ಇಂಥ ನಕ್ಷೆ ಮೇಲೆ ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಪೂರ್ವದ ಕಡೆಯಿಂದ ನೇರ ಗೆರೆ ಎಳೆದು, ಆ ಗೆರೆಯ ಮೇಲೇ ನಿಜವಾಗಿ ಹಾರಿದರೆ ಸುಮಾರು 16,100 ಕಿ.ಮೀ. ಆಗುತ್ತದೆ. ನಿಮ್ಮ ತಮ್ಮನಿಗೆ ಸಿಕ್ಕಿದ್ದು ಇದೇ. ಗೋಳದ ಮೇಲಿನ ಹತ್ತಿರದ ದಾರಿ 13,990. ಎರಡು ಸಾವಿರ ಕಿ.ಮೀ.ಗಿಂತ ಜಾಸ್ತಿ ಉಳಿತಾಯ.

ನಂಬಿಕೆ ಬರದಿದ್ದರೆ ಶಾಲೆಯಲ್ಲಿ ಒಂದು ಗ್ಲೋಬ್ ಇರುತ್ತದೆ, ಒಂದು ದಾರ ತಗೊಳ್ಳಿ. ಒಂದು ತುದಿ ಬೆಂಗಳೂರಿನ ಮೇಲೆ ಒತ್ತಿ ಹಿಡಿಯಿರಿ, ಇನ್ನೊಂದನ್ನು ಸ್ಯಾನ್ ಫ್ರಾನ್ಸಿಸ್ಕೋ ಮೇಲೆ ಇಟ್ಟು ಬಿಗಿಯಾಗಿ ಎಳೆಯಿರಿ. ದಾರ ತಾನಾಗಿಯೇ ಜಾರಿ ಉತ್ತರಕ್ಕೆ ಹೋಗಿ ಕೂರುತ್ತದೆ. ಲೆಕ್ಕದ ಪ್ರಕಾರ ಆ ಗೆರೆ ನೇಪಾಳದ ಪೊಖರಾ ಹತ್ತಿರ, ಅನ್ನಪೂರ್ಣ ಶಿಖರಗಳ ಮೇಲೆ ಹಾಯುತ್ತದೆ. ಅಲ್ಲಿಂದ ಟಿಬೆಟ್, ಸೈಬೀರಿಯಾ. ಸುಮಾರು 71ನೇ ಅಕ್ಷಾಂಶದವರೆಗೂ ಏರಿ, ಅಲಾಸ್ಕಾದಲ್ಲಿ ಡೆನಾಲಿ ಪರ್ವತದ ಆಸುಪಾಸಿನಲ್ಲಿ ಇಳಿಮುಖವಾಗಿ ಕ್ಯಾಲಿಫೋರ್ನಿಯಾ ಸೇರುತ್ತದೆ. ಬೆಂಗಳೂರಿನ ಬಿಸಿಲಿನಿಂದ ಹೊರಟು ಚಳಿಯ ನಾಡು ದಾಟಿ ಮತ್ತೆ ಬಿಸಿಲಿಗೆ.

ಈಗ ದಾರದ ತುದಿಯನ್ನು ದುಬೈಗೆ ಬದಲಾಯಿಸಿ. ದುಬೈ ಮತ್ತು ಸ್ಯಾನ್ ಫ್ರಾನ್ಸಿಸ್ಕೋ ರೇಖಾಂಶಗಳ ನಡುವೆ 178 ಡಿಗ್ರಿಗೆ ಸ್ವಲ್ಪವೇ ಕಡಿಮೆ ಅಂತರ. ಅಂದರೆ ಭೂಮಿಯ ಒಂದು ಮಗ್ಗುಲಲ್ಲಿ ಇದು, ಹೆಚ್ಚುಕಡಿಮೆ ಸರಿಯಾಗಿ ಎದುರು ಮಗ್ಗುಲಲ್ಲಿ ಅದು. ಹಾಗಾಗಿ ಹತ್ತಿರದ ದಾರಿ ಧ್ರುವದಿಂದ 200 ಕಿ.ಮೀ. ಅಂತರದಲ್ಲೇ ಹೋಗುತ್ತದೆ. ನಿಮ್ಮ ಮಗಳು ಕಿಟಕಿ ಪಕ್ಕದ ಸೀಟು ಹಿಡಿದರೆ ಆಗಸ್ಟ್‌ನಲ್ಲಿ ಅಲ್ಲಿ ಸೂರ್ಯ ಮುಳುಗುವುದೇ ಇಲ್ಲ, ಮೋಡವಿಲ್ಲದಿದ್ದರೆ ಕೆಳಗೆ ಒಡೆದ ಮಂಜುಗಡ್ಡೆ ಕಾಣುತ್ತದೆ.

ಅಮೆರಿಕ ಪಶ್ಚಿಮಕ್ಕೆ ಅನ್ನುವುದೂ ನಕ್ಷೆ ನಮ್ಮ ತಲೆಯಲ್ಲಿ ಕೂರಿಸಿದ ಮಾತೇ. ಯುರೋಪನ್ನು ನಡುವೆ ಇಟ್ಟು ಬಿಡಿಸಿದ್ದರಿಂದ ಹಾಗೆ ಕಾಣುತ್ತದೆ. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಪಶ್ಚಿಮದ ಕಡೆ ಎಣಿಸಿದರೆ 200 ಡಿಗ್ರಿ, ಪೂರ್ವದ ಕಡೆ ಎಣಿಸಿದರೆ 160. ಹಾಗೆ ನೋಡಿದರೆ ಅದು ನಮಗೆ ಪೂರ್ವಕ್ಕೇ ಹತ್ತಿರ.

ಇಲ್ಲಿ ಒಂದು ಪಕ್ಕದ ಮಾತು. ಭೂಮಿಯ ಮೇಲೆ ಯಾವ ಎರಡು ಜಾಗಗಳ ನಡುವೆಯೂ ದೂರ ಸುಮಾರು 20,000 ಕಿ.ಮೀ.ಗಿಂತ ಹೆಚ್ಚು ಆಗುವುದಿಲ್ಲ. ಅದು ಭೂಮಿಯ ಅರ್ಧ ಸುತ್ತು. ಅದನ್ನು ದಾಟಿದಿರಿ ಅಂದರೆ ಇನ್ನೊಂದು ಕಡೆಯಿಂದ ಹತ್ತಿರ ಬರುತ್ತಿದ್ದೀರಿ. ಬಳ್ಳಾರಿ ಕೋಟೆ ಗುಡ್ಡದ ಮೇಲಿಂದ ಭೂಮಿಯ ನಡುವಿನ ಮೂಲಕ ನೇರ ತೂತು ಕೊರೆದರೆ ಹೊರಬೀಳುವುದು ದಕ್ಷಿಣ ಪೆಸಿಫಿಕ್ ಸಾಗರದಲ್ಲಿ. ಅಲ್ಲಿಂದ ಸುಮಾರು 1,500 ಕಿ.ಮೀ. ದೂರದಲ್ಲಿ, ದೊಡ್ಡ ದೊಡ್ಡ ಕಲ್ಲು ಮುಖಗಳಿಗೆ ಹೆಸರಾದ ಈಸ್ಟರ್ ದ್ವೀಪ ಇದೆ. ಅಲ್ಲಿ ಏರ್‌ಪೋರ್ಟ್ ಕೂಡ ಇದೆ. ನಮ್ಮಿಂದ ಸುಮಾರು 18,500 ಕಿ.ಮೀ. ಅದರ ಮುಂದೆ ಸ್ಯಾನ್ ಫ್ರಾನ್ಸಿಸ್ಕೋ ಪಕ್ಕದ ಓಣಿ.

ಕೆಲವು ಸೈಟುಗಳಲ್ಲಿ ಹತ್ತಿಪ್ಪತ್ತು ಕಿ.ಮೀ. ಆಚೀಚೆ ಇರುತ್ತದೆ, ಅದಕ್ಕೆ ತಲೆಕೆಡಿಸಿಕೊಳ್ಳಬೇಡಿ. ಭೂಮಿ ಪೂರ್ತಿ ಗುಂಡಗಿಲ್ಲ. ಸಮಭಾಜಕದ ಹತ್ತಿರ ಅದರ ತ್ರಿಜ್ಯ 6,378 ಕಿ.ಮೀ., ಧ್ರುವದಲ್ಲಿ 6,357. ಗುಂಡಗಿದೆ ಅಂತ ಅಂದುಕೊಂಡು ಲೆಕ್ಕ ಹಾಕುವ ಸೈಟು ಒಂದು ಉತ್ತರ ಕೊಡುತ್ತದೆ, ಈ ಚಪ್ಪಟೆತನ ಸೇರಿಸುವ ಸೈಟು ಇನ್ನೊಂದು. ಈ ಚಪ್ಪಟೆತನವನ್ನು ಅಳೆದ ಕೆಲಸದಲ್ಲಿ ನಮ್ಮ ಸೀಮೆಗೂ ಪಾಲಿದೆ ಅಂತ ಹೇಳಿಕೊಳ್ಳಲು ನನಗೆ ಖುಷಿ. 1802ರಲ್ಲಿ ಮದ್ರಾಸಿನಿಂದ ಸರ್ವೆ ಶುರು ಮಾಡಿದ ವಿಲಿಯಂ ಲ್ಯಾಂಬ್ಟನ್ ಭೂಮಿಯ ಬಾಗು ಎಷ್ಟು ಅಂತ ನೋಡಲು ಸರಪಳಿ ಹಿಡಿದು, ಬೆಟ್ಟದಿಂದ ಬೆಟ್ಟಕ್ಕೆ ಕೋನ ಅಳೆಯುತ್ತಾ ಬೆಂಗಳೂರು, ಗುತ್ತಿ, ಬೀದರ್ ಕಡೆ ಹೋದರು. ಗುತ್ತಿ ಆಗ ಬಳ್ಳಾರಿ ಜಿಲ್ಲೆಗೇ ಸೇರಿತ್ತು. ಅನಂತಪುರ ಬೇರೆ ಜಿಲ್ಲೆ ಆಗಿದ್ದು 1882ರಲ್ಲಿ. ಲ್ಯಾಂಬ್ಟನ್ ನಂತರ ಆ ಕೆಲಸ ಮುಂದುವರಿಸಿದ ಅಧಿಕಾರಿಯ ಹೆಸರು ಜಾರ್ಜ್ ಎವರೆಸ್ಟ್. ಶಿಖರಕ್ಕೆ ಇಟ್ಟಿರುವುದು ಅವರದೇ ಹೆಸರು.

ಇನ್ನು ನಿಮ್ಮ ಪ್ರಶ್ನೆಯ ತಿರುಳಿಗೆ ಬರೋಣ. ಸೈಟು ಕೊಡುವುದು ಅತಿ ಕಡಿಮೆ ದೂರ. ಯಾವ ವಿಮಾನವೂ ಅಷ್ಟೇ ಹಾರಿ ಇಳಿಯುವುದಿಲ್ಲ. ನಾನು ಕೆಲಸ ಮಾಡಿದ್ದು ಫ್ಲೈಟ್ ಡಿಸ್ಪ್ಯಾಚ್‌ನಲ್ಲಿ. ವಿಮಾನ ಹೊರಡುವ ಮುಂಚೆ ಅದಕ್ಕೆ ದಾರಿ ಹಾಕಿ, ಎಷ್ಟು ಇಂಧನ ತುಂಬಬೇಕು ಅಂತ ಲೆಕ್ಕ ಕೊಡುವ ಕೆಲಸ. ಅಲ್ಲಿ ಕೂತವರು ಕಿಲೋಮೀಟರ್ ಬಗ್ಗೆ ಮಾತಾಡುವುದೇ ಕಡಿಮೆ. ಎಷ್ಟು ಗಂಟೆ, ಎಷ್ಟು ಟನ್ ಇಂಧನ, ಇವೆರಡೇ.

ಬೆಂಗಳೂರಿನ ದಾರವನ್ನೇ ನೋಡಿ. ಅದು ಟಿಬೆಟ್ ಮೇಲೆ ಹೋಗುತ್ತದೆ ಅಂದೆ. ವಿಮಾನ ಹೋಗುವುದಿಲ್ಲ. ಹನ್ನೊಂದು ಕಿ.ಮೀ. ಎತ್ತರದಲ್ಲಿ ಹಾರುವ ವಿಮಾನಕ್ಕೆ ಹಿಮಾಲಯ ಅಡ್ಡ ಬರುವುದಿಲ್ಲ ಅಲ್ವಾ ಅಂತ ಕೇಳಬಹುದು. ಹಾರುವಾಗ ಅಡ್ಡ ಬರುವುದಿಲ್ಲ, ತೊಂದರೆ ಆದಾಗ ಬರುತ್ತದೆ. ಕ್ಯಾಬಿನ್ ಒಳಗಿನ ಗಾಳಿಯ ಒತ್ತಡ ಏಕಾಏಕಿ ಬಿದ್ದುಹೋದರೆ ತಲೆ ಮೇಲಿಂದ ಆಕ್ಸಿಜನ್ ಮಾಸ್ಕ್ ಇಳಿಯುತ್ತದಲ್ಲ, ಅದರಲ್ಲಿ ಗಂಟೆಗಟ್ಟಲೆ ಆಕ್ಸಿಜನ್ ಇರುವುದಿಲ್ಲ. ಹೆಚ್ಚಿನ ವಿಮಾನಗಳಲ್ಲಿ ಹದಿನೈದು, ಇಪ್ಪತ್ತು ನಿಮಿಷದ್ದು. ಅಷ್ಟರೊಳಗೆ ಪೈಲಟ್ ಸುಮಾರು 10,000 ಅಡಿಗೆ, ಅಂದರೆ ಮೂರು ಕಿ.ಮೀ. ಎತ್ತರಕ್ಕೆ ಇಳಿಸಬೇಕು, ಅಲ್ಲಿ ಮಾಸ್ಕ್ ಇಲ್ಲದೆ ಉಸಿರಾಡಬಹುದು. ಟಿಬೆಟ್‌ನಲ್ಲಿ ನೆಲವೇ ನಾಲ್ಕೂವರೆ ಕಿ.ಮೀ. ಎತ್ತರದಲ್ಲಿದೆ. ಇಳಿಯುವುದಾದರೂ ಎಲ್ಲಿಗೆ? ಅದಕ್ಕೇ ಹೆಚ್ಚಿನ ಕಂಪನಿಗಳು ಆ ಜಾಗವನ್ನು ಬಿಟ್ಟು ಸುತ್ತಿ ಹೋಗುತ್ತವೆ. ಅಲ್ಲೇ ಕೆಲವು ನೂರು ಕಿ.ಮೀ. ಸೇರಿಹೋಗುತ್ತದೆ.

ಆಮೇಲೆ ದೇಶಗಳ ತಕರಾರು. 2022ರಿಂದ ರಷ್ಯಾದ ಆಕಾಶ ಅಮೆರಿಕ ಮತ್ತು ಯುರೋಪಿನ ಬಹುತೇಕ ಕಂಪನಿಗಳಿಗೆ ಮುಚ್ಚಿದೆ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ತನ್ನ ಆಕಾಶವನ್ನು ಭಾರತದ ವಿಮಾನಗಳಿಗೆ ಮುಚ್ಚಿತು. ಇದರ ಏಟು ಹೆಚ್ಚು ಬಿದ್ದದ್ದು ದೆಹಲಿಯಿಂದ ಪಶ್ಚಿಮಕ್ಕೆ ಹೋಗುವವರಿಗೆ. ಬೆಂಗಳೂರಿನಿಂದ ದುಬೈಗೆ ಹೋಗುವುದು ಅರಬ್ಬಿ ಸಮುದ್ರದ ಮೇಲೆ, ನಿಮ್ಮ ಮಗಳಿಗೆ ಅದರಿಂದ ತೊಂದರೆ ಇಲ್ಲ. ಆಗ ಹೇಳಿದ ಆಕಾಶದ ಹಳಿಗಳೂ ಇವೆ. ಐದಕ್ಷರದ ಹೆಸರಿಟ್ಟ ಬಿಂದುಗಳಿಂದ ಬಿಂದುಗಳಿಗೆ ಹಾಕಿದ ದಾರಿಗಳು. ಕೆಲವು ಕಡೆ ಬೇಕಾದಂತೆ ನೇರ ಹೋಗಲು ಬಿಡುತ್ತಾರೆ, ಕೆಲವು ಕಡೆ ಹಳಿ ಬಿಡುವ ಹಾಗಿಲ್ಲ.

ಇವೆಲ್ಲಕ್ಕಿಂತ ದೊಡ್ಡದು ಗಾಳಿ. ಒಂಬತ್ತು, ಹತ್ತು, ಹನ್ನೊಂದು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಒಂದು ಗಾಳಿಯ ಹೊಳೆ ಹರಿಯುತ್ತದೆ. ಜೆಟ್ ಸ್ಟ್ರೀಮ್ ಅನ್ನುತ್ತಾರೆ. ಚಳಿಗಾಲದಲ್ಲಿ ಅದರ ವೇಗ ಗಂಟೆಗೆ 200 ಕಿ.ಮೀ. ದಾಟುವುದು ಮಾಮೂಲು. ವಿಮಾನ ಗಾಳಿಯೊಳಗೆ ಗಂಟೆಗೆ ಸುಮಾರು 900 ಕಿ.ಮೀ. ಹೋಗುತ್ತದೆ. ಗಾಳಿ ಹಿಂದಿನಿಂದ ತಳ್ಳಿದರೆ ನೆಲದ ಲೆಕ್ಕದಲ್ಲಿ 1,000, 1,100. ಎದುರು ಬಂದರೆ 700, 800. ದಾರಿಯುದ್ದಕ್ಕೂ ಸರಾಸರಿ ಬರೀ 50 ಕಿ.ಮೀ. ಗಾಳಿ ಅಂತ ಇಟ್ಟುಕೊಳ್ಳಿ. 14,000 ಕಿ.ಮೀ.ಗೆ ಹಿಂಗಾಳಿಯಲ್ಲಿ ಹದಿನೈದು ಗಂಟೆಯೊಳಗೆ ಮುಗಿಯುತ್ತದೆ, ಎದುರುಗಾಳಿಯಲ್ಲಿ ಹದಿನಾರೂವರೆ. ಊರುಗಳು ಅಲ್ಲೇ ಇವೆ, ದೂರ ಅಷ್ಟೇ ಇದೆ, ಒಂದೂಮುಕ್ಕಾಲು ಗಂಟೆ ಏರುಪೇರು.

ಇದಕ್ಕೆ ನನಗೆ ತುಂಬ ಇಷ್ಟವಾದ ಉದಾಹರಣೆ 2016ರ ಅಕ್ಟೋಬರ್‌ನದ್ದು. ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಏರ್ ಇಂಡಿಯಾ ವಿಮಾನ ಅಲ್ಲಿಯವರೆಗೆ ಅಟ್ಲಾಂಟಿಕ್ ಕಡೆಯಿಂದ ಹೋಗುತ್ತಿತ್ತು. ಸುಮಾರು 13,900 ಕಿ.ಮೀ. ಆ ತಿಂಗಳು ದಾರಿ ಬದಲಿಸಿ ಪೆಸಿಫಿಕ್ ಕಡೆಯಿಂದ ಕಳಿಸಿದರು. ಹಾರಿದ್ದು ಸುಮಾರು 15,300 ಕಿ.ಮೀ. ದೂರ 1,400 ಕಿ.ಮೀ. ಜಾಸ್ತಿ ಆಯಿತು, ಆದರೆ ಹದಿನಾಲ್ಕೂವರೆ ಗಂಟೆಯಲ್ಲಿ ತಲುಪಿತು, ಹಳೆಯ ದಾರಿಗಿಂತ ಎರಡು ಗಂಟೆಯಷ್ಟು ಮುಂಚೆ. ಪೂರ್ವಕ್ಕೆ ಹೋದರೆ ಗಾಳಿ ಬೆನ್ನಿಗೆ, ಪಶ್ಚಿಮಕ್ಕೆ ಹೋದರೆ ಎದೆಗೆ. ವಾಪಸ್ ಬರುವಾಗ ಅದು ಅಟ್ಲಾಂಟಿಕ್ ಮೇಲೆಯೇ ಬಂತು, ಅಲ್ಲೂ ಪೂರ್ವಕ್ಕೇ. ಒಂದು ಹೋಗಿ ಬರುವುದರಲ್ಲಿ ಭೂಮಿ ಸುತ್ತಿ ಬಂದಂತಾಯಿತು. ಗಾಳಿ ಬಂದಾಗ ತೂರಿಕೋ ಅನ್ನುವ ನಮ್ಮ ಮಾತನ್ನು ವಿಮಾನದವರು ಇಂಧನದ ಬಿಲ್ಲಿನಲ್ಲಿ ಕಲಿತಿದ್ದಾರೆ.

ಬೆಂಗಳೂರಿಗೇ ನೇರ ವಿಮಾನ ಮೊದಲ ಸಲ ಬಂದದ್ದು 2021ರ ಜನವರಿಯಲ್ಲಿ. ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಮುಂದಾಳತ್ವದಲ್ಲಿ ನಾಲ್ವರೂ ಮಹಿಳಾ ಪೈಲಟ್‌ಗಳೇ ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವದ ಮೇಲೆ ಹಾಯ್ದು ತಂದರು. ದಾರದ ಲೆಕ್ಕದ ದಾರಿ 71ನೇ ಅಕ್ಷಾಂಶದಲ್ಲೇ ತಿರುಗುತ್ತದೆ ಅಂತ ಆಗಲೇ ಹೇಳಿದೆ. ಅವರು ಅದಕ್ಕಿಂತ ಮೇಲೆ ಹೋಗಿ ಬಂದರು. ಆ ದಿನದ ಗಾಳಿ, ಆ ದಿನದ ಆಕಾಶ ನೋಡಿ ಹಾಕಿದ ದಾರಿ ಅದು.

ಧ್ರುವದ ದಾರಿಗೆ ಅದರದೇ ಆದ ಕಿರಿಕಿರಿಗಳೂ ಇವೆ. ವಿಮಾನದ ಇಂಧನ ಮೈನಸ್ 47 ಡಿಗ್ರಿ ಹತ್ತಿರ ಹೆಪ್ಪುಗಟ್ಟಲು ಶುರುವಾಗುತ್ತದೆ, ಹೊರಗಿನ ಚಳಿ ಅದಕ್ಕಿಂತ ಜಾಸ್ತಿ ಇರಬಹುದು. ರೆಕ್ಕೆಯೊಳಗಿನ ಇಂಧನ ತಣ್ಣಗಾಗುತ್ತಿದೆ ಅನ್ನಿಸಿದರೆ ಪೈಲಟ್ ಕೆಳಗಿಳಿಸುತ್ತಾರೆ, ಇಲ್ಲವೇ ವೇಗ ಹೆಚ್ಚಿಸುತ್ತಾರೆ. ನಿಮ್ಮ ಮಗಳಿಗೆ ಇದು ಗೊತ್ತೂ ಆಗುವುದಿಲ್ಲ.

ಹಾಗಾದರೆ ಅವಳ ಪ್ರಯಾಣ ಒಟ್ಟು ಎಷ್ಟು? ಬೆಂಗಳೂರಿನಿಂದ ದುಬೈ ಸುಮಾರು 2,700 ಕಿ.ಮೀ., ದುಬೈಯಿಂದ ಸ್ಯಾನ್ ಫ್ರಾನ್ಸಿಸ್ಕೋ ಸುಮಾರು 13,000. ಕೂಡಿದರೆ 15,700. ಫ್ರಾಂಕ್‌ಫರ್ಟ್ ಮೇಲೆ ಹೋಗಿದ್ದರೆ 7,400 ಮತ್ತು 9,150 ಸೇರಿ 16,550. ದೂರದಲ್ಲಿ ದುಬೈಯೇ ವಾಸಿ. ಆದರೆ ಫ್ರಾಂಕ್‌ಫರ್ಟ್ ದಾರಿ ಎರಡು ಹೆಚ್ಚುಕಡಿಮೆ ಸಮನಾದ ತುಂಡು. ದುಬೈ ದಾರಿಯಲ್ಲಿ ಮೊದಲ ತುಂಡು ನಾಲ್ಕು ಗಂಟೆ, ಎರಡನೆಯದು ಒಂದೇ ಬಿಗಿಗೆ ಹದಿನಾರು ಗಂಟೆ ಹತ್ತಿರ. ಕಾಲು ಊದಿಕೊಳ್ಳುವವರು ವಯಸ್ಸಾದ ಮೇಲೆ ಮಗಳನ್ನು ನೋಡಲು ಹೊರಟಾಗ ಇದನ್ನು ನೆನಪಿಡಬೇಕು. ಆಗ ಎರಡು ಸಮ ತುಂಡುಗಳ ದಾರಿಯೇ ನನ್ನ ಆಯ್ಕೆ, 850 ಕಿ.ಮೀ. ಜಾಸ್ತಿ ಆದರೂ ಸರಿ.

ಟಿಕೆಟ್ ಮೇಲಿನ ಸಮಯ ನೋಡಿ ಗಾಬರಿ ಬೀಳಬೇಡಿ. ದುಬೈನಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಹೊರಟು ಅದೇ ದಿನ ಮಧ್ಯಾಹ್ನ ಎರಡಕ್ಕೆ ಇಳಿದಂತೆ ಬರೆದಿರಬಹುದು. ಐದು ಗಂಟೆಯ ಪ್ರಯಾಣ ಅಲ್ಲ ಅದು. ಎರಡೂ ಆಯಾ ಊರಿನ ಗಡಿಯಾರದ ಸಮಯ. ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯಾ ದುಬೈಗಿಂತ ಹನ್ನೊಂದು ಗಂಟೆ ಹಿಂದೆ, ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ. ನವೆಂಬರ್‌ನಲ್ಲಿ ಅವರು ಗಡಿಯಾರ ಹಿಂದಕ್ಕೆ ತಿರುಗಿಸಿದ ಮೇಲೆ ಅದು ಹದಿಮೂರೂವರೆ ಆಗುತ್ತದೆ. ಫೋನ್ ಮಾಡುವಾಗ ಉಪಯೋಗಕ್ಕೆ ಬರುತ್ತದೆ.

ದುಡ್ಡಿನ ವಿಷಯ. ವಿಮಾನದ ಟಿಕೆಟ್ ದರಕ್ಕೂ ಕಿಲೋಮೀಟರಿಗೂ ಬಸ್ಸಿನಲ್ಲಿದ್ದಂತೆ ನೇರ ನಂಟಿಲ್ಲ. ಸೀಟಿಗೆ ಎಷ್ಟು ಬೇಡಿಕೆ, ಎಷ್ಟು ದಿನ ಮುಂಚೆ ಬುಕ್ ಮಾಡಿದಿರಿ, ಇದರ ಮೇಲೆ ದರ. ಆಗಸ್ಟ್ ಅಂದರೆ ಭಾರತದ ವಿದ್ಯಾರ್ಥಿಗಳೆಲ್ಲ ಹೊರಡುವ ತಿಂಗಳು, ದರ ಏರಿಯೇ ಇರುತ್ತದೆ. ಸುತ್ತು ಹಾಕಿಸಿದರೆ ಇಂಧನ ಸುಡುವುದು ಕಂಪನಿಯದು. ಅವರೇ ಒಂದೊಂದು ನಿಮಿಷ ಉಳಿಸಲು ಒದ್ದಾಡುತ್ತಿರುತ್ತಾರೆ.

ಕೊನೆಗೆ ತೋರಣಗಲ್ಲು. ಅಲ್ಲಿನ ಜಿಂದಾಲ್ ವಿಜಯನಗರ ಏರ್‌ಪೋರ್ಟ್‌ನಿಂದ ಸ್ಯಾನ್ ಫ್ರಾನ್ಸಿಸ್ಕೋ ಸುಮಾರು 13,820 ಕಿ.ಮೀ. ಬೆಂಗಳೂರಿಗಿಂತ 170 ಕಿ.ಮೀ. ಹತ್ತಿರ! ದಾರಿ ಉತ್ತರಕ್ಕಲ್ವಾ, ನಾವು ಅಷ್ಟು ಮುಂದೆ ಇದ್ದೇವೆ. ಆದರೆ ಅಮೆರಿಕಕ್ಕೆ ಹೋಗಲು ಮೊದಲು ದಕ್ಷಿಣಕ್ಕೆ ದೇವನಹಳ್ಳಿಗೆ ಹೋಗಬೇಕು, ಅದೇ ತಮಾಷೆ. ರಾಯಚೂರಿನವರು ಈ ವಿಷಯದಲ್ಲಿ ಜಾಣರು, ಹೆಚ್ಚಿನವರು ಶಂಶಾಬಾದಿಗೆ ಹೋಗುತ್ತಾರೆ. ರಾಯಚೂರಿನಿಂದ ಶಂಶಾಬಾದಿನ ಆ ಹೈದರಾಬಾದ್ ಏರ್‌ಪೋರ್ಟ್ ನೇರ ಲೆಕ್ಕದಲ್ಲಿ 160 ಕಿ.ಮೀ. ಅಷ್ಟೇ. ನೀವಿರುವ ಸಿರುಗುಪ್ಪದಿಂದಲೂ ಎರಡೂ ಕಡೆಯ ದರ, ಸಮಯ ಒಮ್ಮೆ ಹೋಲಿಸಿ ನೋಡಬಹುದಿತ್ತು. ಮುಂದಿನ ಸಲಕ್ಕೆ ಇರಲಿ.

ಸೈಟಿನಲ್ಲಿ ಹುಡುಕುವಾಗ ಬಳ್ಳಾರಿ ಅಂತ ಟೈಪ್ ಮಾಡಿ ಏನೂ ಬರಲಿಲ್ಲ ಅಂದರೆ ತೋರಣಗಲ್ಲಿನ ಏರ್‌ಪೋರ್ಟಿಗೆ ವಿದ್ಯಾನಗರ ಅಂತ ಹಾಕಿ. ಅದರ ಕೋಡ್ ವಿ ಡಿ ವೈ. ಅಲ್ಲಿನ ಚಿಕ್ಕ ವಿಮಾನಗಳ ವೇಳಾಪಟ್ಟಿ ಆಗಾಗ ಬದಲಾಗುತ್ತಿರುತ್ತದೆ, ಹಿಂದಿನ ವರ್ಷದ ನೆನಪಿನ ಮೇಲೆ ಹೋಗಬೇಡಿ. ಅಲ್ಲಿಂದ ಹಾರಿ ದೇವನಹಳ್ಳಿಯಲ್ಲಿ ದುಬೈ ವಿಮಾನ ಹಿಡಿಯುವ ಯೋಚನೆ ಇದ್ದರೆ, ಎರಡೂ ಬೇರೆ ಬೇರೆ ಟಿಕೆಟ್ ಆಗಿದ್ದರೆ, ಚಿಕ್ಕ ವಿಮಾನ ತಡವಾಗಿ ದೊಡ್ಡದು ತಪ್ಪಿದಾಗ ಸಾಮಾನ್ಯವಾಗಿ ಹೊಣೆ ನಿಮ್ಮದೇ. ಎರಡು ದೊಡ್ಡ ಸೂಟ್‌ಕೇಸ್ ಲಗೇಜಿಗೆ ಚಿಕ್ಕ ವಿಮಾನದಲ್ಲಿ ಬೇರೆ ದುಡ್ಡೂ ಕಟ್ಟಬೇಕಾಗಬಹುದು. ರಾತ್ರಿ ರೈಲಿಗೆ ಬುಕ್ ಮಾಡಿ, ಬೆಂಗಳೂರಿನಲ್ಲಿ ನೆಂಟರ ಮನೆಯಲ್ಲಿ ಒಂದು ದಿನ ಉಳಿದು ಹೊರಡುವುದು ವಾಸಿ.